ಬೆನ್ನುಹುರಿಯ ಗಾಯವೂ ಗೃಹಜೀವನವೂ: ಒಂದು ಚಾರಿತ್ರಿಕ ವಿವೇಚನೆ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ವೈದ್ಯರನ್ನೂ ಆಸ್ಪತ್ರೆಗಳನ್ನೂ ಕುರಿತು ಬರೆದಿದ್ದಾರೆ. ರೋಗಿಯು ಆಸ್ಪತ್ರೆಯ ಬಾಗಿಲನ್ನು ದಾಟಿ ಮನೆಯನ್ನು ಸೇರಿದ ಬಳಿಕ ಆತನ ವೃತ್ತಾಂತವು ಆ ಗ್ರಂಥಗಳಲ್ಲಿ ಮುಂದುವರಿಯುವುದು ವಿರಳ. ಅಲ್ಪಕಾಲದ ವ್ಯಾಧಿಗಳ ವಿಷಯದಲ್ಲಿ ಇದೊಂದು ದೊಡ್ಡ ಲೋಪವೆನಿಸಲಾರದು. ಬೆನ್ನುಹುರಿಗೆ ಪೆಟ್ಟಾದವರ ವಿಷಯದಲ್ಲಿ ಮಾತ್ರ ಸಂಗತಿಯು ಬೇರೆಯಾಗಿದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಾಯಗೊಂಡ ತರುಣನು ಆಸ್ಪತ್ರೆಯಲ್ಲಿ ಕಳೆಯುವುದು ಕೆಲವು ತಿಂಗಳು. ಮನೆಯಲ್ಲಿ ಕಳೆಯುವುದು ಮೂವತ್ತು, ನಲವತ್ತು ವರ್ಷ. ಆದಕಾರಣ ಈ ಗಾಯದ ಇತಿಹಾಸವು ಅರ್ಧಕ್ಕಿಂತ ಹೆಚ್ಚಾಗಿ ಕುಟುಂಬದ ಇತಿಹಾಸವೇ ಆಗಿದೆ. ಈ ದೃಷ್ಟಿಯಿಂದ, ಸಾವು ನಿಶ್ಚಿತವೆನಿಸಿದ್ದ ಒಂದು ಗಾಯವು ದೀರ್ಘಕಾಲದ ಗೃಹಜೀವನವಾಗಿ ಪರಿಣಮಿಸಿದ ಬಗೆಯನ್ನೂ, ಆ ಪರಿಣಾಮದ ಭಾರವು ಯಾರ ಮೇಲೆ ಬಿದ್ದಿತೆಂಬುದನ್ನೂ ಪ್ರಕೃತ ಲೇಖನದಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗುವುದು.

೧. ಗಾಯದ ಸ್ವರೂಪ

ಮಿದುಳಿನಿಂದ ಹೊರಟ ಬೆನ್ನುಹುರಿಯು ಬೆನ್ನೆಲುಬಿನ ಮಣಿಗಳ ನಡುವಣ ನಾಳದಲ್ಲಿ ಕೆಳಗಿಳಿಯುತ್ತದೆ. ಮಣಿಯು ಮುರಿದು ಹುರಿಯು ಜಜ್ಜಿಹೋದರೆ, ಆ ಸ್ಥಾನದಿಂದ ಕೆಳಗೆ ಮಿದುಳಿನ ಆಜ್ಞೆಯು ಇಳಿಯದು. ಕೆಳಗಿನ ಅಂಗಗಳಿಂದ ನೋವು, ಬಿಸಿ, ಸ್ಪರ್ಶಗಳ ಸುದ್ದಿಯು ಮೇಲಕ್ಕೇರದು. ಮಲಮೂತ್ರಗಳ ಮೇಲಣ ಹತೋಟಿಯೂ ತಪ್ಪುತ್ತದೆ. ಹುರಿಯು ಪೂರ್ಣವಾಗಿ ಕೆಡದಿದ್ದಲ್ಲಿ ಮೊದಲ ಕೆಲವು ತಿಂಗಳಲ್ಲಿ ಸ್ವಲ್ಪ ಶಕ್ತಿಯು ಮರಳುವುದುಂಟು. ಪೂರ್ಣವಾಗಿ ಕೆಟ್ಟಿದ್ದರೆ ಅದನ್ನು ಮತ್ತೆ ಜೋಡಿಸುವ ಚಿಕಿತ್ಸೆಯು ಇಂದಿಗೂ ದೊರೆತಿಲ್ಲ.

ಕತ್ತಿನ ಐದನೆಯ ಮಟ್ಟದಲ್ಲಿ ಪೆಟ್ಟಾದವನು ಮೊಳಕೈಯನ್ನು ಮಡಿಸಬಲ್ಲನು, ಬೆರಳುಗಳನ್ನು ಆಡಿಸಲಾರನು. ತುತ್ತನ್ನು ಬಾಯಿಗೆತ್ತಲು ಕೂಡ ಆತನಿಗೆ ಸಲಕರಣೆಯೋ ಸಹಾಯವೋ ಬೇಕು. ಎದೆಯ ಮಟ್ಟದಲ್ಲಿ ಪೆಟ್ಟಾದವನಿಗಾದರೋ ಎರಡು ಕೈಗಳೂ ಪೂರ್ಣವಾಗಿ ಸ್ವಾಧೀನದಲ್ಲಿರುತ್ತವೆ. ಆತನು ಗಾಲಿಕುರ್ಚಿಯನ್ನು ತಾನೇ ನಡೆಸಿ, ಸ್ನಾನ, ಉಡುಗೆ, ಶೌಚಗಳನ್ನು ತಾನೇ ಪೂರೈಸಿಕೊಳ್ಳಲು ಕಲಿಯಬಲ್ಲನು. ಕತ್ತಿನ ಐದನೆಯ ಮಟ್ಟಕ್ಕೂ ಎದೆಯ ಮೇಲ್ತುದಿಗೂ ಇರುವ ಅಂತರವು ಒಂದು ಗೇಣಿಗಿಂತ ಕಡಿಮೆ. ಮನೆಯ ಇನ್ನೊಬ್ಬ ವ್ಯಕ್ತಿಯು ತನ್ನ ಆಯುಸ್ಸಿನ ಬಹುಭಾಗವನ್ನು ಈ ಒಬ್ಬನ ಶುಶ್ರೂಷೆಗೆ ಮುಡಿಪಿಡಬೇಕೆ ಬೇಡವೆ ಎಂಬುದನ್ನು ಅಷ್ಟು ಅಂತರವೇ ಬಹುಮಟ್ಟಿಗೆ ನಿರ್ಧರಿಸುತ್ತದೆ.

೨. ಮನೆಗೆ ಮರಳದವರ ಕಾಲ

ಈ ಗಾಯದ ಅತಿ ಪ್ರಾಚೀನ ವರ್ಣನೆಯು ಈಜಿಪ್ಟಿನ ಒಂದು ಪಪೈರಸ್ ಹಸ್ತಪ್ರತಿಯಲ್ಲಿ ದೊರೆಯುತ್ತದೆ. ೧೮೬೨ರಲ್ಲಿ ಎಡ್ವಿನ್ ಸ್ಮಿತ್ ಎಂಬಾತನು ಲಕ್ಸರಿನಲ್ಲಿ ಕೊಂಡು, ೧೯೩೦ರಲ್ಲಿ ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಎಂಬ ವಿದ್ವಾಂಸನು ಅನುವಾದದೊಡನೆ ಪ್ರಕಟಿಸಿದ ಈ ಪ್ರತಿಯು ಕ್ರಿಸ್ತಪೂರ್ವ ಸುಮಾರು ೧೬೦೦ರದು. ಅದರಲ್ಲಿರುವ ೪೮ ಪ್ರಕರಣಗಳ ಪೈಕಿ ಮೂವತ್ತೊಂದನೆಯದು ಕತ್ತಿನ ಮಣಿಯು ಜಾರಿದವನನ್ನು ಕುರಿತದ್ದು. ಕೈಕಾಲುಗಳ ಅರಿವು ತಪ್ಪಿರುವುದನ್ನೂ, ಮೂತ್ರವು ತಿಳಿಯದೆ ತೊಟ್ಟಿಕ್ಕುವುದನ್ನೂ ಅಂದಿನ ವೈದ್ಯನು ಗಮನಿಸಿದ್ದಾನೆ. ಆತನ ತೀರ್ಮಾನವು ಇದು ಚಿಕಿತ್ಸೆಗೆ ಕೈಹಾಕತಕ್ಕ ವ್ಯಾಧಿಯಲ್ಲವೆಂಬುದು. ಮೂರೂವರೆ ಸಾವಿರ ವರ್ಷಗಳವರೆಗೆ ಈ ತೀರ್ಮಾನವು ಬಹುಮಟ್ಟಿಗೆ ಬದಲಾಗಲಿಲ್ಲ.

ನಮ್ಮ ನಾಡಿನ ಶಾಸನಗಳೂ ಇದಕ್ಕೆ ಪರೋಕ್ಷವಾಗಿ ಸಾಕ್ಷಿಯನ್ನೊದಗಿಸುತ್ತವೆ. ಕಾಳಗದಲ್ಲಿ ಮಡಿದವನಿಗೆ ವೀರಗಲ್ಲನ್ನು ನೆಡುತ್ತಿದ್ದರು. ಅವನ ಮನೆಯವರಿಗೆ ನೆತ್ತರುಗೊಡಗೆಯೆಂಬ ಭೂಮಿಯ ದತ್ತಿಯನ್ನು ಬಿಡುತ್ತಿದ್ದರು. ಅಂದರೆ ಯೋಧನ ಕುಟುಂಬಕ್ಕೆ ಊರಿನಿಂದಲೋ ಅರಸನಿಂದಲೋ ಸಲ್ಲಬೇಕಾದ ಋಣವೊಂದುಂಟು ಎಂಬ ಭಾವನೆಯು ನಮ್ಮಲ್ಲಿ ಹೊಸದಲ್ಲ. ಆದರೆ ಆ ಕಲ್ಲುಗಳು ಸ್ಮರಿಸುವುದು ಸತ್ತವನನ್ನು. ಬೆನ್ನು ಮುರಿದು ಬದುಕಿ ಮನೆಗೆ ಬಂದವನನ್ನೂ, ಅವನನ್ನು ಸಾಕಿದವರನ್ನೂ ಸ್ಮರಿಸುವ ಪದ್ಧತಿಯು ಬೆಳೆಯಲಿಲ್ಲ. ಅಂಥವರು ಬಹುಕಾಲ ಉಳಿಯುತ್ತಿರಲಿಲ್ಲವೆಂಬುದೇ ಇದಕ್ಕೊಂದು ಕಾರಣವಾಗಿರಬೇಕೆಂದು ಊಹಿಸಬಹುದು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೂ ಸ್ಥಿತಿಯು ಇದೇ ಆಗಿತ್ತು. ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರಲ್ಲಿ ಬಹುಪಾಲು ಮಂದಿ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ತೀರಿಕೊಂಡರು. ಅನೇಕರನ್ನು ಕೊಂದದ್ದು ಗುಂಡಲ್ಲ; ಅಲುಗಾಡದೆ ಮಲಗಿದ್ದ ಮೈಯಲ್ಲಿ ಹುಟ್ಟಿದ ಹಾಸಿಗೆಹುಣ್ಣು ಮತ್ತು ಮೂತ್ರಕೋಶದಿಂದ ಮೂತ್ರಪಿಂಡಕ್ಕೇರಿದ ನಂಜು.

೩. ೧೯೪೪ರ ತಿರುವು

ಈ ಎರಡೂ ತಡೆಯಬಹುದಾದ ಕಾರಣಗಳೆಂದು ಮನಗಂಡವರಲ್ಲಿ ಅಮೆರಿಕದ ಬಾಸ್ಟನ್ನಿನ ಡೊನಾಲ್ಡ್ ಮನ್ರೋ ಮೊದಲಿಗರು. ಅದನ್ನೊಂದು ಪೂರ್ಣ ಪದ್ಧತಿಯನ್ನಾಗಿ ಬೆಳೆಸಿದ ಕೀರ್ತಿಯು ಲುಡ್ವಿಗ್ ಗುಟ್‌ಮನ್ ಅವರಿಗೆ ಸಲ್ಲಬೇಕು. ೧೮೯೯ರಲ್ಲಿ ಆಗ ಜರ್ಮನಿಗೆ ಸೇರಿದ್ದ ಸೈಲೀಸಿಯಾದಲ್ಲಿ ಯೆಹೂದಿ ಮನೆತನದಲ್ಲಿ ಜನಿಸಿದ ಅವರು, ೧೯೧೭ರಲ್ಲಿ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ, ಬೆನ್ನು ಮುರಿದ ಗಣಿ ಕೆಲಸಗಾರನೊಬ್ಬನನ್ನು ಕಂಡರು. ದೃಢಕಾಯನಾದ ಆ ತರುಣನಿಗಾಗಿ ಹೆಚ್ಚೇನೂ ಬರೆದಿಡುವ ಅಗತ್ಯವಿಲ್ಲವೆಂದೂ, ಕೆಲವೇ ವಾರಗಳಲ್ಲಿ ಅವನು ಸಾಯುವನೆಂದೂ ಅವರಿಗೆ ತಿಳಿಸಲಾಯಿತು, ಹಾಗೆಯೇ ಆಯಿತು. ನಾಜಿ ಆಡಳಿತದ ಹಿಂಸೆಯಿಂದ ೧೯೩೯ರಲ್ಲಿ ಇಂಗ್ಲೆಂಡಿಗೆ ಬಂದ ಗುಟ್‌ಮನ್, ೧೯೪೪ರ ಫೆಬ್ರವರಿ ೧ರಂದು ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಯ ಗಾಯಾಳುಗಳಿಗಾಗಿಯೇ ಒಂದು ವಿಭಾಗವನ್ನು ತೆರೆದರು.

ಅವರ ಪದ್ಧತಿಯು ಹೊರನೋಟಕ್ಕೆ ಸರಳ. ರೋಗಿಯನ್ನು ಹಗಲೂ ಇರುಳೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು. ಮೂತ್ರಕೋಶವನ್ನು ನಿಯಮಿತವಾಗಿ ಶುಚಿಯಾದ ಕ್ರಮದಲ್ಲಿ ಬರಿದುಮಾಡುವುದು. ಹಾಸಿಗೆಯಿಂದೆಬ್ಬಿಸಿ ಬೇಗನೆ ಕೆಲಸಕ್ಕೂ ಆಟಕ್ಕೂ ಹಚ್ಚುವುದು. ೧೯೪೮ರ ಜುಲೈ ೨೯ರಂದು ಅಲ್ಲಿ ಹದಿನಾರು ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ವಿದ್ಯೆಯ ಸ್ಪರ್ಧೆಯನ್ನು ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಮೂಲ ಇದೇ.

ಈ ಕ್ರೀಡೆಗಳ ಕಥೆಯು ಪ್ರಸಿದ್ಧವಾಗಿದೆ. ಅದರ ಹಿಂದಣ ಇನ್ನೊಂದು ಸಂಗತಿಯು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸಕ್ಕೆ ಆಸ್ಪತ್ರೆಯಲ್ಲಿ ಸರದಿಯ ಮೇಲೆ ಜನರಿದ್ದರು. ಗಾಯಾಳುವು ಬದುಕಿ ಮನೆಗೆ ಹೋದಾಗ ಜವಾಬ್ದಾರಿಯು ಅವನ ಹಿಂದೆಯೇ ಹೋಯಿತು. ಸರದಿಯ ಜನರು ಹೋಗಲಿಲ್ಲ. ೧೯೪೪ರ ಬಳಿಕ ವೈದ್ಯರು ಗೆದ್ದ ಗೆಲುವನ್ನು ಪ್ರತಿದಿನವೂ ಕಾಪಾಡುವ ಹೊಣೆಯು ಗಾಯಾಳುವಿಗೂ ಅವನ ಮನೆಯವರಿಗೂ ಬಂದಿತು.

೪. ಮನೆಯ ಮಾರ್ಪಾಡು

ಈ ಹೊಣೆಯ ಒಂದಂಶವನ್ನು ರಾಜ್ಯವೂ ಹೊರಬೇಕೆಂಬ ಭಾವನೆಯು ಯುದ್ಧಾನಂತರದ ಅಮೆರಿಕದಲ್ಲಿ ಸ್ಪಷ್ಟರೂಪವನ್ನು ತಾಳಿತು. ಕೆಳಮೈಯ ಸ್ವಾಧೀನ ತಪ್ಪಿದ ಮಾಜಿ ಸೈನಿಕರು ೧೯೪೬ರಲ್ಲಿ ತಮ್ಮದೇ ಆದ ಸಂಘವನ್ನು ಕಟ್ಟಿಕೊಂಡರು. ೧೯೪೮ರಲ್ಲಿ ಜಾರಿಗೆ ಬಂದ ಶಾಸನವೊಂದು, ಗಾಲಿಕುರ್ಚಿಗೆ ಒಗ್ಗುವ ಮನೆಯನ್ನು ಕಟ್ಟಿಕೊಳ್ಳಲು ಅಂಥ ಸೈನಿಕನಿಗೆ ವೆಚ್ಚದ ಅರ್ಧದವರೆಗೆ, ಹತ್ತು ಸಾವಿರ ಡಾಲರು ಮೀರದಂತೆ, ಧನಸಹಾಯವನ್ನು ನೀಡಿತು. ಮನೆಯ ಬಾಗಿಲಿನ ಅಗಲವೂ ಚಿಕಿತ್ಸೆಯ ಭಾಗವೆಂಬುದನ್ನು ಶಾಸನವೇ ಒಪ್ಪಿಕೊಂಡಂತಾಯಿತು.

ಈ ಕಾಲದ ಮನೆಯೊಂದು ಇಂದಿಗೂ ಉಳಿದಿದೆ. ಇಲಿನಾಯ್ ಸಂಸ್ಥಾನದ ರಾಕ್‌ಫರ್ಡಿನ ಕೆನೆತ್ ಲಾರೆಂಟ್ ಎರಡನೆಯ ಮಹಾಯುದ್ಧದಲ್ಲಿ ನೌಕಾದಳದಲ್ಲಿದ್ದವರು. ೧೯೪೬ರಲ್ಲಿ ಬೆನ್ನುಹುರಿಯ ಗಡ್ಡೆಗಾಗಿ ನಡೆದ ಶಸ್ತ್ರಚಿಕಿತ್ಸೆಯಿಂದ ಅವರ ಕಾಲುಗಳ ಸ್ವಾಧೀನವು ತಪ್ಪಿತು. ಅವರ ಪತ್ನಿ ಫಿಲ್ಲಿಸ್, ಪತ್ರಿಕೆಯೊಂದರಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಮನೆಯ ವಿವರವನ್ನು ಓದಿದರು. ದಂಪತಿಗಳು ಅವರಿಗೆ ೧೯೪೮ರಲ್ಲಿ ಪತ್ರ ಬರೆದರು. ೧೯೫೨ರಲ್ಲಿ ಮುಗಿದ ಆ ಮನೆಯು ಒಂದೇ ಅಂತಸ್ತಿನದು, ಗಾಲಿಕುರ್ಚಿಯ ಚಲನೆಗೆ ಎಲ್ಲಿಯೂ ಮೆಟ್ಟಿಲ ತಡೆಯಿಲ್ಲ, ಬಾಗಿಲುಗಳು ಅಗಲವಾಗಿವೆ. ಅಂಗವೈಕಲ್ಯವುಳ್ಳವರಿಗಾಗಿ ರೈಟ್ ರಚಿಸಿದ ಮನೆಯು ಇದೊಂದೇ. ಲಾರೆಂಟ್ ದಂಪತಿಗಳು ಅಲ್ಲಿ ಸುಮಾರು ಅರುವತ್ತು ವರ್ಷ ಸಂಸಾರ ನಡೆಸಿದರು. ೨೦೧೪ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಒಂದು ಕುಟುಂಬವು ಗಾಯಕ್ಕೆ ಹೊಂದಿಕೊಂಡ ಬಗೆಯನ್ನು ಕಟ್ಟಡದ ರೂಪದಲ್ಲಿ ಓದಬಹುದಾದ ದಾಖಲೆಯೆಂದು ಇದನ್ನು ಇತಿಹಾಸಕಾರನು ಪರಿಗಣಿಸಬೇಕು.

ನಮ್ಮ ಮನೆಗಳ ರಚನೆಯು ಇದಕ್ಕೆ ತೀರ ಭಿನ್ನವಾದದ್ದು. ಹಳೆಯ ಹಳ್ಳಿಯ ಮನೆಯಲ್ಲಿ ಬೀದಿಯಿಂದ ಜಗಲಿಗೆ ಮೆಟ್ಟಿಲು, ಜಗಲಿಯಿಂದ ನಡುಮನೆಗೆ ಎತ್ತರದ ಹೊಸ್ತಿಲು. ಬಚ್ಚಲು ಹಿತ್ತಲ ಕಡೆಗೆ. ಶೌಚಕ್ಕೆ ಮನೆಯ ಹೊರಗೆ ಹೋಗಬೇಕು. ಅರಿಸಿನ ಕುಂಕುಮವಿಟ್ಟು ಪೂಜಿಸುವ ಹೊಸ್ತಿಲೇ ಗಾಲಿಕುರ್ಚಿಗೆ ಮೊದಲ ತಡೆಯಾಗುತ್ತದೆ. ಹಲಗೆಯೊಂದನ್ನು ಇಳಿಜಾರಾಗಿ ಹಾಸುವುದು, ಬಾಗಿಲುವಾಡವನ್ನು ಕಿತ್ತು ಅಗಲಗೊಳಿಸುವುದು, ಮಲಗುವ ಕೋಣೆಗೆ ತಾಗಿದಂತೆ ಶೌಚಗೃಹವನ್ನು ಕಟ್ಟುವುದು: ಇವು ಅಲ್ಪವೆಚ್ಚದ ಕೆಲಸಗಳಂತೆ ಕಂಡರೂ, ದುಡಿಯುವ ಮಗನೇ ಹಾಸಿಗೆ ಹಿಡಿದಿರುವಾಗ ಸಾಲವಿಲ್ಲದೆ ನಡೆಯಲಾರವು. ಗಾಯಾಳುವಿನ ಮಂಚವನ್ನು ಮನೆಯ ಯಾವ ಭಾಗದಲ್ಲಿ ಹಾಕುತ್ತಾರೆಂಬುದೂ ಗಮನಾರ್ಹ. ಜಗಲಿಯ ಪಕ್ಕದಲ್ಲಿದ್ದವನಿಗೆ ಬೀದಿಯ ಮಾತುಕತೆಯುಂಟು, ಬಂದವರು ಅವನನ್ನು ವಿಚಾರಿಸುತ್ತಾರೆ. ಒಳಗಿನ ಕತ್ತಲೆ ಕೋಣೆಗೆ ಸೇರಿಸಿದವನು ಊರಿನ ಲೆಕ್ಕದಿಂದ ಕ್ರಮೇಣ ತಪ್ಪಿಹೋಗುತ್ತಾನೆ.

೫. ದಿನಚರಿ ಮತ್ತು ಅದನ್ನು ಹೊತ್ತವರು

ಕಟ್ಟಡಕ್ಕಿಂತಲೂ ಕಠಿನವಾದ ಹೊಂದಾಣಿಕೆಯು ಹೊತ್ತಿನದು. ಇರುಳಿನಲ್ಲಿ ಮೂರು ಸಲ ಎದ್ದು ಮಗ್ಗುಲು ಬದಲಿಸಬೇಕಾದ ತಾಯಿಯು ವರ್ಷಕ್ಕೆ ಸಾವಿರಕ್ಕೂ ಮಿಗಿಲಾಗಿ ನಿದ್ದೆಯಿಂದೇಳುತ್ತಾಳೆ. ಬೆಳಗ್ಗೆ ಶೌಚದ ಕ್ರಮಕ್ಕೆ ಒಂದು ಗಂಟೆ ಹಿಡಿದರೂ ಹಿಡಿದೀತು. ಸೊಂಟ, ಹಿಮ್ಮಡಿ, ಪೃಷ್ಠಗಳನ್ನು ದಿನಕ್ಕೊಮ್ಮೆ ಪರೀಕ್ಷಿಸಿ, ಎಲ್ಲಿಯಾದರೂ ಕೆಂಪಡರಿದೆಯೇ ಎಂದು ನೋಡಬೇಕು. ಕೆಂಪನ್ನು ಅಲಕ್ಷಿಸಿದರೆ ಅದು ಹುಣ್ಣಾಗಿ, ಹುಣ್ಣು ಎಲುಬಿಗಿಳಿದು, ತಿಂಗಳುಗಟ್ಟಲೆ ಮಲಗಿಸುತ್ತದೆ. ಬಚ್ಚಲ ಹಂಡೆಯ ಬಿಸಿನೀರನ್ನು ಕೈಯಿಂದ ಮುಟ್ಟಿ ನೋಡಿಯೇ ಹೊಯ್ಯಬೇಕು, ಏಕೆಂದರೆ ಸುಟ್ಟರೂ ಆ ಕಾಲುಗಳಿಗೆ ತಿಳಿಯದು. ಕಾಲಿಗೆ ಶಕ್ತಿ ಬರಲೆಂಬ ಆಸೆಯಿಂದ ಕಾಯಿಸಿದ ಎಣ್ಣೆಯನ್ನು ತಿಕ್ಕಿ, ಬಿಸಿ ಶಾಖ ಕೊಟ್ಟು, ಬೊಬ್ಬೆಯೆಬ್ಬಿಸುವ ಅಪಾಯವೂ ಈ ಕಾರಣದಿಂದಲೇ ಉಂಟು. ಹರಕೆ ಹೊರುವುದೂ ನಾಟಿವೈದ್ಯರಲ್ಲಿ ಅಲೆಯುವುದೂ ಮೌಢ್ಯವೆಂದಷ್ಟೇ ಹೇಳಿ ಮುಗಿಸತಕ್ಕ ವಿಷಯವಲ್ಲ. ಗಾಯದ ಸ್ವರೂಪವನ್ನು ಮನೆಯವರಿಗೆ ಯಾರೂ ಸ್ಪಷ್ಟವಾಗಿ ಬಿಡಿಸಿ ಹೇಳದಿದ್ದಲ್ಲಿ ಅವರು ತಮಗೆ ತಿಳಿದ ದಾರಿಯನ್ನೇ ಹಿಡಿಯುತ್ತಾರೆ.

ಗೃಹಜೀವನದ ದೃಷ್ಟಿಯಿಂದ ೧೯೭೨ರಲ್ಲಿ ಮಹತ್ವದ ಮತ್ತೊಂದು ಬದಲಾವಣೆಯಾಯಿತು. ಮಿಶಿಗನ್ ವಿಶ್ವವಿದ್ಯಾನಿಲಯದ ಜ್ಯಾಕ್ ಲ್ಯಾಪಿಡಿಸ್ ಮತ್ತು ಅವರ ಸಹೋದ್ಯೋಗಿಗಳು, ಮೂತ್ರಕೋಶವನ್ನು ಬರಿದುಮಾಡಲು ಆಸ್ಪತ್ರೆಯ ಕಟ್ಟುನಿಟ್ಟಾದ ಕ್ರಿಮಿರಾಹಿತ್ಯವು ಅನಿವಾರ್ಯವಲ್ಲವೆಂದೂ, ಕೈಯನ್ನು ಚೆನ್ನಾಗಿ ತೊಳೆದು ಶುಚಿಯಾದ ಕ್ಯಾಥೆಟರನ್ನು ಹೊತ್ತುಹೊತ್ತಿಗೆ ಬಳಸಿದರೆ ಸಾಕೆಂದೂ ತೋರಿಸಿಕೊಟ್ಟರು. ಅಲ್ಲಿಯವರೆಗೆ ಆಸ್ಪತ್ರೆಗೆ ಮೀಸಲೆನಿಸಿದ್ದ ಕ್ರಿಯೆಯನ್ನು ಸಾಮಾನ್ಯ ಮನೆಯಲ್ಲಿಯೂ, ಕೈಗಳು ಸರಿಯಾಗಿರುವ ಗಾಯಾಳುವು ತಾನೇ, ಮಾಡಿಕೊಳ್ಳುವಂತಾಯಿತು. ಇದರ ಸಾಮಾಜಿಕ ಪರಿಣಾಮವನ್ನು ಕಡಿಮೆಯೆಂದೆಣಿಸಬಾರದು. ಬೆಳೆದ ಮಗನ ಈ ಆರೈಕೆಯನ್ನು ತಾಯಿಯೋ, ಅತ್ತಿಗೆಯೋ, ತಂಗಿಯೋ ಮಾಡಬೇಕಾಗಿ ಬಂದಾಗ ಇಬ್ಬರ ಮನಸ್ಸಿಗೂ ಆಗುತ್ತಿದ್ದ ಸಂಕೋಚವು ಸಾಮಾನ್ಯವಾದದ್ದಲ್ಲ. ಮಗನು ಅದನ್ನು ತಾನೇ ಕಲಿತ ದಿನ ಅವನಿಗೆ ದೊರೆತ ಸ್ವಾತಂತ್ರ್ಯದಷ್ಟೇ ಸ್ವಾತಂತ್ರ್ಯವು ತಾಯಿಗೂ ದೊರೆಯುತ್ತದೆ. ಗಾಯಾಳುವಿಗೆ ಎಲ್ಲವನ್ನೂ ತಾವೇ ಮಾಡಿಕೊಡುವುದು ಮಮತೆಯೆಂದು ನಂಬಿದ ಮನೆಗಳಲ್ಲಿ ಈ ಎರಡು ಸ್ವಾತಂತ್ರ್ಯಗಳೂ ತಡವಾಗುತ್ತವೆ.

ಈ ಕೆಲಸಗಳು ಕುಟುಂಬದ ಮೇಲೆ ಬಿದ್ದವೆಂದು ಹೇಳುವುದು ರೂಢಿ. ವಾಸ್ತವವಾಗಿ ಅವು ಕುಟುಂಬದ ಹೆಂಗಸರ ಮೇಲೆ ಬೀಳುತ್ತವೆ. ಗಂಡಸರು ಹಣವನ್ನು ಹೊಂದಿಸುವರು, ಆಸ್ಪತ್ರೆಗೆ ಎತ್ತಿಕೊಂಡು ಹೋಗುವರು. ಹೊತ್ತುಗೊತ್ತಿಲ್ಲದ ನಿತ್ಯದ ಕೆಲಸವು ತಾಯಿಗೂ ಹೆಂಡತಿಗೂ ಉಳಿಯುತ್ತದೆ. ಅದಕ್ಕೆ ಕೂಲಿಯಿಲ್ಲ, ರಜೆಯಿಲ್ಲ, ಅದನ್ನು ಬರೆದಿಡುವ ಪುಸ್ತಕವೂ ಇಲ್ಲ.

೬. ಭಾರತದ ಎರಡು ಧಾರೆಗಳು

ಭಾರತದಲ್ಲಿ ಈ ಪುನರ್ವಸತಿಯ ಆರಂಭವು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನೊಡನೆ ಹೆಣೆದುಕೊಂಡಿದೆ. ಅಲ್ಲಿಯ ತರುಣ ವೈದ್ಯೆ ಮೇರಿ ವರ್ಗೀಸ್ (೧೯೨೫-೧೯೮೬) ೧೯೫೪ರ ವಾಹನಾಪಘಾತದಲ್ಲಿ ಕೆಳಮೈಯ ಸ್ವಾಧೀನವನ್ನು ಕಳೆದುಕೊಂಡರು. ಪಾಲ್ ಬ್ರ್ಯಾಂಡ್ ಅವರ ಪ್ರೋತ್ಸಾಹದಿಂದ, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಲಾರಂಭಿಸಿದರು. ಮುಂದೆ ಆಸ್ಟ್ರೇಲಿಯಾದಲ್ಲಿಯೂ ನ್ಯೂಯಾರ್ಕಿನಲ್ಲಿಯೂ ತರಬೇತು ಪಡೆದು ಬಂದರು. ಅವರ ಮುಂದಾಳುತನದಲ್ಲಿ ೧೯೬೬ರಲ್ಲಿ ವೆಲ್ಲೂರಿನ ಪುನರ್ವಸತಿ ಸಂಸ್ಥೆಯು ಆರಂಭವಾಯಿತು. ರೋಗಿಯ ಜೊತೆಗೆ ಬಂದ ಬಂಧುವಿಗೂ ಆರೈಕೆಯನ್ನು ಕಲಿಸಿ ಕಳುಹಿಸುವುದು, ಹಿಂದಿನ ರೋಗಿಗಳನ್ನು ಮತ್ತೆ ಕರೆಸಿ ಮೇಳವಾಗಿ ಸೇರಿಸುವುದು ಅಲ್ಲಿಯ ಪದ್ಧತಿ. ಕುಟುಂಬವನ್ನು ಚಿಕಿತ್ಸೆಯ ಹೊರಗಿಡದೆ ಒಳಗೆ ಸೇರಿಸಿಕೊಂಡ ಪ್ರಯತ್ನವಾಗಿ ಇದು ಸ್ಮರಣೀಯವಾದದ್ದು.

ಇನ್ನೊಂದು ಧಾರೆಯು ಸೇನೆಯದು. ೧೯೬೫ರ ಮೇ ೨೯ರಂದು ಎವರೆಸ್ಟ್ ಶಿಖರವನ್ನೇರಿದ ಎಚ್. ಪಿ. ಎಸ್. ಅಹ್ಲುವಾಲಿಯಾ ಅದೇ ವರ್ಷದ ಯುದ್ಧದ ಸಂದರ್ಭದಲ್ಲಿ ಗುಂಡೇಟಿನಿಂದ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. ಸ್ಟೋಕ್ ಮ್ಯಾಂಡವಿಲ್ಲಿನಲ್ಲಿ ಚಿಕಿತ್ಸೆ ಪಡೆದ ಅವರು ಮುಂದೆ ದೆಹಲಿಯಲ್ಲಿ ಬೆನ್ನುಹುರಿಯ ಗಾಯಾಳುಗಳಿಗಾಗಿ ದೊಡ್ಡ ಕೇಂದ್ರವೊಂದನ್ನು ಸ್ಥಾಪಿಸಿದರು. ಅದೇ ಯುದ್ಧದಲ್ಲಿ ಗಾಯಗೊಂಡ ಮುರಳಿಕಾಂತ್ ಪೇಟ್ಕರ್ ೧೯೭೨ರ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಈಜಿನಲ್ಲಿ ಚಿನ್ನದ ಪದಕವನ್ನು ಗೆದ್ದರು. ಪುಣೆಯ ಬಳಿಯ ಖಡ್ಕಿಯಲ್ಲಿ ೧೯೭೪ರಲ್ಲಿ ಇಂಥ ಸೈನಿಕರಿಗಾಗಿ ಪುನರ್ವಸತಿ ಕೇಂದ್ರವು ಆರಂಭವಾಯಿತು.

ಸೈನಿಕನಿಗೆ ಪಿಂಚಣಿಯುಂಟು, ಕಡತವುಂಟು, ಹೆಸರುಂಟು. ಆದರೆ ನಮ್ಮ ದೇಶದಲ್ಲಿ ಬೆನ್ನುಹುರಿಯ ಗಾಯಕ್ಕೆ ಗುರಿಯಾಗುವವರಲ್ಲಿ ಹೆಚ್ಚಿನವರು ರಸ್ತೆಯ ಅಪಘಾತದಲ್ಲಿ ಸಿಕ್ಕಿದವರು ಇಲ್ಲವೆ ಎತ್ತರದಿಂದ ಬಿದ್ದವರು: ಸಾರುವೆಯಿಂದ ಜಾರಿದ ಕಟ್ಟಡದ ಕೂಲಿ, ಅಡಕೆಯ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದ ಕೊಯಿಲಿನ ಆಳು. ದುಡಿಯುವ ವಯಸ್ಸಿನ ಗಂಡಸರೇ ಇವರಲ್ಲಿ ಅಧಿಕ. ಇಂಥವರ ಪಾಲಿಗೆ ಕರ್ನಾಟಕದಲ್ಲಿ ಸರ್ಕಾರಿ ಆಸ್ಪತ್ರೆಗಳ ಜೊತೆಗೆ ಸ್ವಯಂಸೇವಾ ಸಂಸ್ಥೆಗಳೇ ಆಸರೆ. ಎನ್. ಎಸ್. ಹೇಮಾ ಅವರು ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆಯು ಈ ಕಾರ್ಯದಲ್ಲಿ ಹೆಸರುವಾಸಿಯಾಗಿದೆ.

೭. ಸ್ಥಾನ, ವಿವಾಹ, ಶಾಸನ

ಕುಟುಂಬದೊಳಗಣ ಸಂಬಂಧಗಳೂ ಹೊಸದಾಗಿ ಏರ್ಪಡಬೇಕಾಗುತ್ತದೆ. ಹಿರಿಯ ಮಗನು ತಂದೆಯ ಕೆಲಸವನ್ನು ವಹಿಸಿಕೊಳ್ಳಬೇಕಾದ ವಯಸ್ಸಿನಲ್ಲಿ, ತಂದೆಯೇ ಮತ್ತೆ ದುಡಿಮೆಗೆ ಹೊರಡುತ್ತಾನೆ. ತಮ್ಮನ ಓದು ನಿಲ್ಲುತ್ತದೆ. ತಂಗಿಯ ಮದುವೆಗೆ ಕೂಡಿಟ್ಟ ಹಣವು ಆಸ್ಪತ್ರೆಗೆ ಸಲ್ಲುತ್ತದೆ. ಮನೆಯ ಮಾತುಕತೆಗಳಲ್ಲಿ ಗಾಯಾಳುವನ್ನು ಕೇಳದೆಯೇ ತೀರ್ಮಾನಗಳಾಗತೊಡಗುತ್ತವೆ. ಕಾಲಿನ ಶಕ್ತಿಯು ಹೋದುದಕ್ಕಿಂತ ಮಾತಿನ ಬೆಲೆಯು ಹೋದುದು ಅನೇಕರನ್ನು ಹೆಚ್ಚು ನೋಯಿಸುತ್ತದೆ. ಆದಕಾರಣವೇ ಉದ್ಯೋಗದ ಪ್ರಶ್ನೆಯು ಹಣದ ಪ್ರಶ್ನೆಯಷ್ಟೇ ಆಗಿರದೆ, ಮನೆಯಲ್ಲಿ ಸ್ಥಾನದ ಪ್ರಶ್ನೆಯೂ ಆಗಿದೆ. ಕುಳಿತು ಮಾಡುವ ಸಣ್ಣದೊಂದು ಕಸಬಿನಿಂದ ದೊರೆತ ಸಂಪಾದನೆಯು ಅಲ್ಪವಾದರೂ, ಅವನ ಅಭಿಪ್ರಾಯವನ್ನು ಮತ್ತೆ ಕೇಳುವಂತೆ ಮಾಡಬಲ್ಲುದು.

ವಿವಾಹದ ವಿಷಯವು ಇನ್ನೂ ಸೂಕ್ಷ್ಮವಾದದ್ದು. ೧೯೫೦ರಲ್ಲಿ ಫ್ರೆಡ್ ಜಿನ್ನೆಮನ್ ನಿರ್ದೇಶಿಸಿದ, ಮಾರ್ಲನ್ ಬ್ರ್ಯಾಂಡೋ ಅವರ ಮೊದಲ ಚಲನಚಿತ್ರವಾದ 'ದಿ ಮೆನ್' ಇದನ್ನೇ ವಸ್ತುವಾಗಿ ಎತ್ತಿಕೊಂಡಿತು. ಗಾಯಗೊಂಡ ಸೈನಿಕನನ್ನು ಅವನ ಪ್ರಿಯೆಯು ಮದುವೆಯಾಗುತ್ತಾಳೆ; ಕಷ್ಟವು ಮದುವೆಯ ಅನಂತರ, ಹೊಸ ಮನೆಯೊಳಗೆ, ಆರಂಭವಾಗುತ್ತದೆ. ನಮ್ಮಲ್ಲಿ ಹೆಂಡತಿಯು ಗಂಡನನ್ನು ಬಿಡದೆ ನೋಡಿಕೊಂಡರೆ ಅದನ್ನು ಪಾತಿವ್ರತ್ಯವೆಂದು ಹೊಗಳುವರು. ತೌರಿಗೆ ಹೊರಟರೆ ನಿಂದಿಸುವರು. ಹೊಗಳುವವರಾಗಲಿ ನಿಂದಿಸುವವರಾಗಲಿ ಒಂದು ರಾತ್ರಿಯ ಸರದಿಯನ್ನಾದರೂ ತಾವು ವಹಿಸಿಕೊಳ್ಳುವುದು ಅಪರೂಪ. ದಾಂಪತ್ಯಸುಖವಾಗಲಿ ಸಂತಾನವಾಗಲಿ ಇಂಥವರಿಗೆ ಅಸಾಧ್ಯವೆಂಬ ನಂಬಿಕೆಯೂ ಸರಿಯಲ್ಲವೆಂದು ಇಂದಿನ ವೈದ್ಯಶಾಸ್ತ್ರವು ತೋರಿಸಿದೆ.

ಶಾಸನವು ಈ ವಿಷಯವನ್ನು ನಿಧಾನವಾಗಿ ಗುರುತಿಸಿತು. ೧೯೯೫ರ ಅಧಿನಿಯಮದ ಸ್ಥಾನದಲ್ಲಿ ಬಂದ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು, ಹೆಚ್ಚಿನ ಆಸರೆಯು ಅಗತ್ಯವಾದವರಿಗೆ ಆರೈಕೆದಾರರ ಭತ್ಯವನ್ನು ತನ್ನ ೨೪ನೆಯ ಪ್ರಕರಣದಲ್ಲಿ ಹೆಸರಿಸಿದೆ. ಆರೈಕೆಯೂ ಒಂದು ದುಡಿಮೆಯೆಂದು ಶಾಸನದ ಭಾಷೆಯಲ್ಲಿ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಅದು ಪ್ರತಿಯೊಂದು ಮನೆಯ ಬಾಗಿಲನ್ನೂ ಮುಟ್ಟುವುದೇ ಮುಂದಿನ ಪರೀಕ್ಷೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ವ್ಯಕ್ತವಾಗುವುದೇನೆಂದರೆ, ಬೆನ್ನುಹುರಿಯ ಗಾಯಾಳುವಿನ ಆಯುಸ್ಸನ್ನು ದೀರ್ಘಗೊಳಿಸಿದ ಶಾಸ್ತ್ರವು ಅವನನ್ನು ಕುಟುಂಬದ ಕೈಗೆ ಒಪ್ಪಿಸಿತು. ಕುಟುಂಬವು ಆ ಹೊಣೆಯನ್ನು ಹೊತ್ತಿತು. ಆದರೆ ಹೊತ್ತ ಬಗೆಯ ದಾಖಲೆಯು ನಿರ್ಮಾಣವಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ೨೦೧೩ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷದಿಂದ ಐದು ಲಕ್ಷ ಮಂದಿ ಈ ಗಾಯಕ್ಕೆ ಒಳಗಾಗುತ್ತಾರೆ. ಅಷ್ಟೇ ಸಂಖ್ಯೆಯ ಮನೆಗಳ ಜೀವನವು ಪ್ರತಿವರ್ಷವೂ ಬದಲಾಗುತ್ತದೆಂದು ಇದರ ಅರ್ಥ.

ಈ ಇತಿಹಾಸವನ್ನು ಬರೆಯಲು ಆಕರಗಳಿಲ್ಲವೆಂಬುದು ಸರಿಯಲ್ಲ. ಮನೆಯ ಖರ್ಚುವೆಚ್ಚದ ಪುಸ್ತಕಗಳಲ್ಲಿ ಸಾಲದ ಮೊತ್ತಗಳಿವೆ. ಆಸ್ಪತ್ರೆಯಿಂದ ಬಿಡುಗಡೆಯಾದ ಚೀಟಿಗಳು ಪೆಟ್ಟಿಗೆಗಳಲ್ಲಿವೆ. ಕಿತ್ತ ಹೊಸ್ತಿಲು, ಅಗಲಗೊಳಿಸಿದ ಬಾಗಿಲು, ಗೋಡೆಗೆ ಬಡಿದ ಹಿಡಿಗಂಬಿಗಳು ಇನ್ನೂ ಕಾಣುತ್ತವೆ. ಎಲ್ಲಕ್ಕೂ ಮಿಗಿಲಾಗಿ ಆರೈಕೆ ಮಾಡಿದ ತಾಯಂದಿರೂ ಹೆಂಡಿರೂ, ಆರೈಕೆ ಪಡೆದವರೂ ನಮ್ಮ ನಡುವೆಯೇ ಇದ್ದಾರೆ. ಅವರ ಒಪ್ಪಿಗೆಯನ್ನು ಪಡೆದು, ಹೆಸರನ್ನು ಮರೆಸಿ, ಅವರ ಮಾತುಗಳನ್ನು ಬರೆದುಕೊಳ್ಳುವ ಕಾರ್ಯವನ್ನು ಜಿಲ್ಲೆಗೊಬ್ಬರಂತೆ ವಿದ್ಯಾರ್ಥಿಗಳು ಕೈಕೊಂಡರೂ ಬೆಲೆಬಾಳುವ ಸಂಗ್ರಹವಾದೀತು. ತಾಯಂದಿರಲ್ಲಿ ಅನೇಕರು ವೃದ್ಧರಾಗಿರುವುದರಿಂದ ಈ ಕಾರ್ಯವನ್ನು ಬಹುಕಾಲ ಮುಂದಕ್ಕೆ ಹಾಕುವಂತಿಲ್ಲ.